ಇತರೆ

ಕ್ಲೈಪೆಡಾದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಕೆಲಸ:
ಹೊಟ್ಟೆ ಕೊಯ್ಸಿಕೊಂಡು ಮನೆಗೆ ಹೋದ ಹೆಂಗಸರ ಕಡತ ಬಿಚ್ಚಿ
ಮೂವತ್ತು ದಿನದೊಳಗೆ ಏನು ಕೆಟ್ಟಿತೆಂದು ಹುಡುಕುವುದು.
ಕೆಟ್ಟಿದ್ದರೆ ಒಂದು. ಇಲ್ಲದಿದ್ದರೆ ಸೊನ್ನೆ.
ಕಿಟಕಿಯಿಲ್ಲ. ಬಂದರಿನಲ್ಲಿ ಹಡಗು ಕೂಗಿದಾಗ
ಲೋಟದ ಚಹಾ ಸಣ್ಣಗೆ ನಡುಗುತ್ತದೆ, ಅಷ್ಟೆ.

ಇವತ್ತು ಸಿಕ್ಕಿದವಳು ಗೆನೊವೈತೆ, ಎಪ್ಪತ್ತೊಂದು.
ಮುಟ್ಟು ನಿಂತು ಇಪ್ಪತ್ತು ವರ್ಷದ ಮೇಲೆ
ಒಳಬಟ್ಟೆಯಲ್ಲಿ ಮತ್ತೆ ಕೆಂಪು ಕಂಡು
ದೇಹಕ್ಕೂ ಅರಳುಮರಳೇ ಎಂದು ನಕ್ಕು
ಆಲೂಗಡ್ಡೆ ಅಗೆದು ಮುಗಿಯಲೆಂದು
ಮೂರು ತಿಂಗಳು ಯಾರಿಗೂ ಹೇಳದವಳು.

ಗರ್ಭಕೋಶದ ಒಳಪದರದಲ್ಲಿ ಏಡಿ.

ನರ್ಸ್ ದೈವಾ ಕೇಳಬೇಕಾದ್ದನ್ನೆಲ್ಲ ಕೇಳಿದ್ದಾಳೆ.
ತೂಕ ನೂರ ನಾಲ್ಕು. ಸಕ್ಕರೆ ಇದೆ. ಒತ್ತಡ ಇದೆ.
ಸಿಗರೇಟು? ಬಿಟ್ಟಿದ್ದೇನೆ.
ಯಾವಾಗ? ಹೋದ ಮಂಗಳವಾರ.
ಏದುಸಿರಿಲ್ಲದೆ ಎಷ್ಟು ಮೆಟ್ಟಿಲು ಹತ್ತಬಲ್ಲಿರಿ?
"ಮನೆ ಐದನೇ ಮಹಡಿ, ಲಿಫ್ಟಿಲ್ಲ.
ಹತ್ತಬಲ್ಲೆನೇ ಅಂತ ಯಾರೂ ಕೇಳಲಿಲ್ಲ ತಾಯಿ, ಹತ್ತುತ್ತೇನೆ."
ಕೆಲಸ? ಮೀನಿನ ಕಾರ್ಖಾನೆ.
"ಮೂವತ್ತೊಂದು ವರ್ಷ ಹೆರಿಂಗಿನ ಹೊಟ್ಟೆ ಸೀಳಿದ್ದೇನೆ.
ಒಂದನ್ನೂ ಮತ್ತೆ ಹೊಲಿದವಳಲ್ಲ,
ಆ ವಿಷಯ ಡಾಕ್ಟರನ್ನೇ ಕೇಳಿ."
ಇದನ್ನೆಲ್ಲ ದೈವಾ ಹಾಗೆ ಹಾಗೇ ಬರೆದಿಟ್ಟಿದ್ದಾಳೆ.
ನನ್ನ ಕಾಲಮ್ಮುಗಳಲ್ಲಿ ಅದಕ್ಕೆ ಅಂಕಿಯಿಲ್ಲ.

ಹಳೆಯ ಗಾಯ: ಹೊಕ್ಕುಳಿಂದ ಕೆಳಕ್ಕೆ, ಉದ್ದನೆಯದು,
ಎಂಬತ್ತೆರಡರ ಚಳಿಯಲ್ಲಿ ಮಗ ಅಡ್ಡ ಮಲಗಿದ್ದಾಗಿನದು.
ಸಣ್ಣ ತೂತಿನಲ್ಲೇ ಮುಗಿಸೋಣವೆಂದು ಹೊರಟವರಿಗೆ
ಕರುಳು ಆ ಹೊಲಿಗೆಗೆ ಅಂಟಿ ನಿಂತು ದಾರಿ ಬಿಡಲಿಲ್ಲ,
ಮಗನ ಮೇಲಿನ ಸಿಟ್ಟನ್ನು ನಲವತ್ತು ವರ್ಷ
ಹಿಡಿದಿಟ್ಟುಕೊಂಡ ಹಾಗೆ.
ಒಂದು ತಾಸಿನ ಮೇಲೆ ದುರ್ಬೀನು ಹೊರಗೆ, ಚಾಕು ಒಳಗೆ.
ತೆರೆದ ಶಸ್ತ್ರಕ್ರಿಯೆ ಅನ್ನುತ್ತಾರೆ,
ಯಾರನ್ನೋ ಒಳಗೆ ಕರೆದ ಹಾಗೆ.
ನಾಲ್ಕು ತಾಸು ಹತ್ತು ನಿಮಿಷ.
ಹದಿನಾಲ್ಕು ಗ್ರಂಥಿ ಎಣಿಸಿ ಶೀಶೆಗೆ.

ಮೂರು ವರ್ಷ ಇದೇ ಓದಿದವಳಿಗೆ
ಹಾಳೆ ಮಗುಚುವ ಮೊದಲೇ ಮುಂದಿನದರ ವಾಸನೆ ಬರುತ್ತದೆ.
ಕೊಬ್ಬಿನೊಳಗೆ ರಕ್ತ ನಿಧಾನ,
ರಕ್ತ ನಿಧಾನವಾದಲ್ಲಿ ಅಂಚಿಗೆ ಅಂಚು ಕೂಡುವ ಮನಸ್ಸಿಲ್ಲ,
ಸಕ್ಕರೆ ಚೆಲ್ಲಿದಲ್ಲಿ ಇರುವೆಗೆ ಹೇಳಿಕಳಿಸಬೇಕೆ.
ಏಳನೆಯ ದಿನ ಕೆಂಪು. ಒಂಬತ್ತಕ್ಕೆ ಕೀವು.
ಹತ್ತನೆಯ ದಿನ ಬೆಳಿಗ್ಗೆ ಕೆಮ್ಮಿದಳು,
ಹೊಲಿಗೆ ಬಿಟ್ಟಿತು.

ಒಂದು.

ಒತ್ತಿದೆ. ಮುಗಿಯಬೇಕಿತ್ತು.
ಆದರೆ ಹಿಂದೆ ಇನ್ನೊಂದು ಹಾಳೆ ಪಿನ್ನು ಹೊಡೆದಿತ್ತು,
ಮನೆಗೆ ಹೋಗಿ ಗಾಯಕ್ಕೆ ಬಟ್ಟೆ ತುಂಬುವ ನರ್ಸಿನದು:
ಗಾಯ ತಳದಿಂದ ಮೇಲಕ್ಕೆ ತುಂಬಿಬರುತ್ತಿದೆ, ನಿಧಾನ.
ಎಡಗಾಲು ಊದಿದೆ, ಚಪ್ಪಲಿ ಹಿಡಿಯುತ್ತಿಲ್ಲ.
ಕೆಳಮನೆಯ ವೈದೋತಸ್
ಪ್ರತಿ ಮಹಡಿಯ ತಿರುವಿಗೆ ಒಂದೊಂದು ಅಡುಗೆಮನೆ ಕುರ್ಚಿ ಇಟ್ಟಿದ್ದಾನೆ,
ರೋಗಿ ಕೂತು ಕೂತು ಹತ್ತುತ್ತಾರೆ,
ಕೂತಲ್ಲೆಲ್ಲ ಅಕ್ಕಪಕ್ಕದವರಿಗೆ ಬುದ್ಧಿ ಹೇಳುತ್ತಾರೆ.

ಕೊನೆಯ ಕಾಲಮ್ಮು: ಇತರೆ.
'ಕುರ್ಚಿ' ಎಂದು ಬರೆಯಹೋದೆ.
ಅಂಕಿ ಮಾತ್ರ, ಅಂದಿತು ಯಂತ್ರ.
ನಾಲ್ಕು ಎಂದು ಒತ್ತಿದೆ.
ಕೌನಾಸಿನಲ್ಲಿ ಲೆಕ್ಕ ಹಾಕುವ ಹುಡುಗ
ಇದೇನಿದು ನಾಲ್ಕು ಎಂದು ಅಳಿಸಿಹಾಕುತ್ತಾನೆ, ಗೊತ್ತು.

ಸಂಜೆ ಗಾಳಿಗೆ ಎದೆಕೊಟ್ಟು ಮನೆಗೆ ಬಂದೆ.
ನನಗೂ ಐವತ್ತೆಂಟು. ನನ್ನ ತೂಕ ನಾನು ಹೇಳುವುದಿಲ್ಲ.
ಇದೇ ಮೆಟ್ಟಿಲು ಇಷ್ಟು ವರ್ಷ ಹತ್ತಿದ್ದೇನೆ,
ಇವತ್ತು ಎಣಿಸುತ್ತ ಹತ್ತಿದೆ.
ಎರಡನೆಯ ತಿರುವಿನಲ್ಲಿ ಮೇಲಿನಿಂದ ಯಾರೋ ಇಳಿಯುವ ಸದ್ದು.
ಬಗ್ಗಿದೆ,
ಬೂಟಿನ ದಾರ ಕಟ್ಟುವವಳ ಹಾಗೆ.